ಎರಡನೆಯವನ ಹೆಸರು

ನಮ್ಮ ಊರು ಹುನಗುಂದದಿಂದ ಇಳಕಲ್ಲಿಗೆ ಹೋಗುವ ರಸ್ತೆಯಿಂದ ಒಳಗಡೆ ಇದೆ. ಊರಿನ ಹೆಬ್ಬಾಗಿಲಿಗೆ ನಾವು ಅಗಸಿ ಎನ್ನುತ್ತೇವೆ. ಆ ಅಗಸಿಯ ಎಡಗೋಡೆಯಲ್ಲಿ ಒಂದು ಕಲ್ಲು ಕೂರಿಸಿದ್ದರು. ಅದು ಬಿಳಿ ಕಲ್ಲು ಎಂದು ನನ್ನ ನೆನಪು. ಅಲ್ಲ, ಕರಿ ಕಲ್ಲು, ಮೇಲೆ ಸುಣ್ಣ ಬಳಿದಿದ್ದರು ಎಂದು ನನ್ನ ತಂಗಿ ಈಗಲೂ ವಾದಿಸುತ್ತಾಳೆ. ಇಬ್ಬರೂ ಹುಟ್ಟಿದಾಗಿನಿಂದ ಅದರ ಮಗ್ಗುಲಲ್ಲೇ ಓಡಾಡಿದವರು. ಮುಂದೆ ನಾನು ಹೇಳುವುದನ್ನೆಲ್ಲ ಓದುವವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಕಲ್ಲಿನ ಮೇಲಿನ ಬರಹದ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಅದು ಇಂಗ್ಲಿಷಿನಲ್ಲಿತ್ತು. ನಾನು ಬಾಗಲಕೋಟೆಯಲ್ಲಿ ಬಿ.ಎ. ಮುಗಿಸಿ, ನೌಕರಿ ಸಿಗದೆ ಊರಲ್ಲಿ ಕೂತಿದ್ದ ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ, ಅದನ್ನು ಓದಿ ಹೇಳುವುದೇ ನನ್ನ ಪದವಿಯ ಏಕೈಕ ಉಪಯೋಗವಾಗಿತ್ತು. ಈ ಊರಿನಿಂದ ಮಹಾಯುದ್ಧಕ್ಕೆ ಹನ್ನೊಂದು ಜನ ಹೋದರು, ಅವರಲ್ಲಿ ಇಬ್ಬರು ಪ್ರಾಣ ಕೊಟ್ಟರು. ಇಷ್ಟೇ. ಒಂದು ಹೆಸರೂ ಇರಲಿಲ್ಲ.

ಅದು ಮೊದಲನೆಯ ಮಹಾಯುದ್ಧ. ಹನ್ನೊಂದೂ ಜನ ಕಡಲಾಚೆಯ ಬಸ್ರಾ ಎಂಬಲ್ಲಿಗೆ ಹೋಗಿದ್ದರಂತೆ. ಮುದುಕರು ಬಸ್ರಾದ ಹೆಸರನ್ನು, ಅದು ಬಾದಾಮಿ ದಾಟಿದ ಮೇಲೆ ಸಿಗುವ ಒಂದು ಹಳ್ಳಿ ಎಂಬಂತೆ ಹೇಳುತ್ತಿದ್ದರು. ತಿರುಗಿ ಬಂದವರು ಎಷ್ಟು ಜನ ಎಂಬ ಲೆಕ್ಕ ಮಾತ್ರ ಯಾವತ್ತೂ ಹೊಂದಲಿಲ್ಲ. ಒಬ್ಬ ಬಂದವನೇ ಸೊಲ್ಲಾಪುರದ ಮಿಲ್ಲಿಗೆ ಹೋಗಿಬಿಟ್ಟಿದ್ದ, ಅವನು ಬಂದ ಹಾಗೋ ಬರದ ಹಾಗೋ ಎಂದು ಚಾವಡಿಯ ಕಟ್ಟೆಯ ಮೇಲೆ ವಾದ ನಡೆಯುತ್ತಿತ್ತು. ಸತ್ತ ಇಬ್ಬರಲ್ಲಿ ಮೊದಲನೆಯವನು ಯಾರೆಂಬುದು ಎಲ್ಲರಿಗೂ ಗೊತ್ತಿತ್ತು. ಅಗಸಿಗೆ ಹತ್ತಿದ ಮನೆಯ ಮುಸಲ್ಮಾನರ ಹುಡುಗ, ದಂಡಿನಲ್ಲಿ ಹೇಸರಗತ್ತೆಗಳನ್ನು ನೋಡಿಕೊಳ್ಳುತ್ತಿದ್ದವನು. ಅವನ ತಮ್ಮನ ಮಗ ನಮ್ಮ ಕಾಲಕ್ಕೆ ಟಾಂಗಾ ಹೊಡೆಯುತ್ತಿದ್ದ ಚಾಚಾ. ಎರಡನೆಯವನು ಯಾರು ಎಂಬುದೂ ಎಲ್ಲರಿಗೂ ಗೊತ್ತಿತ್ತು. ಆದರೆ ಅದು ಯಾರಿಗೂ ಗೊತ್ತಿಲ್ಲ ಎಂದು ಇಡೀ ಊರು ತೀರ್ಮಾನ ಮಾಡಿಕೊಂಡಿತ್ತು.

ಅವನು ನನ್ನ ಅಜ್ಜನ ಅಣ್ಣ. ಅವನ ಹೆಂಡತಿ, ನಾವು ದೊಡ್ಡಾಯಿ ಎಂದು ಕರೆಯುತ್ತಿದ್ದವಳು, ನಮ್ಮ ಮನೆಯಲ್ಲೇ ಇದ್ದಳು, ಹಣೆಯ ತುಂಬ ಕುಂಕುಮ ಹಚ್ಚಿಕೊಂಡು, ಮುಂಗೈ ತುಂಬ ಹಸಿರು ಬಳೆ ಇಟ್ಟುಕೊಂಡು.

ಅದೇ ಮನೆಯಲ್ಲಿ ನನ್ನ ಸ್ವಂತ ಅಜ್ಜಿ, ಆಯಿ, ಇದ್ದಳು. ಅವಳ ಗಂಡ ಸತ್ತಿದ್ದನ್ನು ಊರೇ ನೋಡಿತ್ತು. ಇಬ್ಬರೂ ಒಂದೇ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದರು, ಒಂದೇ ಚಂಚಿಯಿಂದ ಅಡಿಕೆ ತಿನ್ನುತ್ತಿದ್ದರು. ಯಾರಾದರೂ ಮದುವೆಗೆ ಕರೆಯಲು ಕುಂಕುಮದ ಬಟ್ಟಲು ಹಿಡಿದು ಹೊಸ್ತಿಲಿಗೆ ಬಂದರೆ ಆಯಿ ತಟ್ಟನೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅಲ್ಲಿ ಅವಳಿಗೆ ಯಾವ ಕೆಲಸವೂ ಇರುತ್ತಿರಲಿಲ್ಲ. ಕರೆಯಲು ಬಂದವರು ಹೋಗುವ ತನಕ ಕರಿಬೇವಿನ ಗಿಡದ ಹತ್ತಿರ ಸುಮ್ಮನೆ ನಿಂತಿರುತ್ತಿದ್ದಳು. ದೊಡ್ಡಾಯಿ ಪಡಸಾಲೆಯಲ್ಲಿ ಹಣೆ ಚಾಚುತ್ತಿದ್ದಳು. ಊರಿನ ಯಾವ ಮದುವೆಯಲ್ಲೂ ಅರಿಷಿಣ ಕುಟ್ಟಲು ಮೊದಲ ಒನಕೆ ಹಿಡಿಯುವವಳು ಅವಳೇ. ವಯಸ್ಸಿನಲ್ಲಿ ಎಲ್ಲರಿಗಿಂತ ಹಿರಿಯ ಮುತ್ತೈದೆ. ಅವಳ ಕೈಯಿಂದ ಉಡಿ ತುಂಬಿಸಿಕೊಂಡರೆ ಗಂಡನಿಗೆ ಆಯುಷ್ಯ ಎಂದು ಬೇರೆ ಊರಿನವರೂ ಬರುತ್ತಿದ್ದರು. ಅವಳ ಗಂಡನಷ್ಟು ದೀರ್ಘಾಯುಷ್ಯ ಯಾರ ಗಂಡನಿಗೂ ಇರಲಿಲ್ಲ ಎಂಬುದನ್ನು ಒಪ್ಪಲೇಬೇಕು.

ಅವಳು ಗಂಡನನ್ನು ತರುಣನಾಗಿಯೇ ಉಳಿಸಿಕೊಂಡಿರಲಿಲ್ಲ. ಹಾಗೆ ಮಾಡಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ, ಅದು ಬೇರೆಯವರು ಬರೆಯುವ ಕತೆ. ಅವಳು ಅವನನ್ನು ವರ್ಷದಿಂದ ವರ್ಷಕ್ಕೆ ಸರಿಯಾಗಿ ಮುದುಕನನ್ನಾಗಿ ಮಾಡುತ್ತ ಬಂದಿದ್ದಳು. ನನ್ನ ಅವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಅವನಿಗೆ ಕನ್ನಡಕ ಬಂದಿತ್ತಂತೆ. ನಾನು ಸಾಲೆಗೆ ಹೋಗುವಾಗ ಹಲ್ಲು ಬೀಳತೊಡಗಿದ್ದವು. ಬಿ.ಎ. ಮುಗಿಸಿ ಬರುವಷ್ಟರಲ್ಲಿ ಮೊಣಕಾಲು ಹಿಡಿದುಕೊಂಡಿದ್ದವು.

"ಅವರಿಗೇನು ಕಟಕ ರೊಟ್ಟಿ ನಡಿಯಾಂಗಿಲ್ಲ ಈಗ. ಹಾಲಿನ್ಯಾಗ ನೆನಸಿ ಕೊಡಬೇಕು," ಎಂದು ಬೇಸರದಿಂದ ಹೇಳುತ್ತಿದ್ದಳು. ಬೇರೆ ಹೆಂಗಸರು ತಮ್ಮ ಗಂಡಂದಿರ ಬಗ್ಗೆ ದೂರುವಾಗ ಅವಳೂ ದೂರುತ್ತಿದ್ದಳು. "ಮುದುಕ ಆದ ಮ್ಯಾಲ ಸಿಟ್ಟು ಭಾಳ ಆಗೇತಿ" ಎನ್ನುತ್ತಿದ್ದಳು. ಯಾರೂ ನಗುತ್ತಿರಲಿಲ್ಲ.

ಇನ್ನು ಊರು ಮಾಡಿಕೊಂಡ ವ್ಯವಸ್ಥೆ. ಮಹಾನವಮಿ ಅಮಾವಾಸ್ಯೆಯಂದು ನಮ್ಮ ಕಡೆ ಸತ್ತ ಹಿರಿಯರಿಗೆ ಎಡೆ ಹಿಡಿಯುತ್ತಾರೆ. ಹೋಳಿಗೆ, ಅನ್ನ, ತುಪ್ಪ, ಅವರಿಗೆ ಉಡಲೆಂದು ಒಂದು ಹೊಸ ಅರಿವೆ. ಕಲ್ಲಿನ ಮೇಲಿರುವ ಎರಡನೆಯವನಿಗೆ ಮನೆ ಗೊತ್ತಿಲ್ಲದ ಮೇಲೆ ಎಡೆ ಹಿಡಿಯುವವರು ಯಾರು? ಹಸಿದವನು ಊರಿಗೆ ತೊಂದರೆ ಕೊಟ್ಟಾನು. ಹಾಗಾಗಿ ಅವನಿಗೆ ಪಾಳಿ ಹಚ್ಚಿದ್ದರು. ಒಂದು ವರ್ಷ ಒಂದು ಮನೆ, ಮರುವರ್ಷ ಪಕ್ಕದ ಮನೆ. ಆ ಮನೆಯವರು ತಮ್ಮ ಹಿರಿಯರ ಎಡೆಗಳ ಮಗ್ಗುಲಲ್ಲಿ ಇನ್ನೊಂದು ಎಲೆ ಹಾಕಿ "ಇದು ಎರಡನೇದಂವಗ" ಎನ್ನುತ್ತಿದ್ದರು. ಪಾಳಿ ನಮ್ಮ ಮನೆಯ ಹತ್ತಿರ ಬಂದಾಗ ಮಾತಿಲ್ಲದೆ ನಮ್ಮನ್ನು ದಾಟಿ ಆಚೆ ಮನೆಗೆ ಹೋಗುತ್ತಿತ್ತು. ದೊಡ್ಡಾಯಿ ಪ್ರತಿ ವರ್ಷ, ಪಾಳಿ ಯಾರ ಮನೆಯಲ್ಲಿದ್ದರೂ, ಒಂದು ಸೌಟು ತುಪ್ಪ ಕಳಿಸುತ್ತಿದ್ದಳು. "ಯಾರ ಮಗನೋ ಏನೋ, ಪಾಪ. ತುಪ್ಪ ಕಡಿಮಿ ಮಾಡಬ್ಯಾಡ್ರಿ," ಎಂದು ಹೇಳಿ ಕಳಿಸುತ್ತಿದ್ದಳು.

ಅವಳಿಗೆ ಗೊತ್ತಿತ್ತೇ? ಈ ಪ್ರಶ್ನೆಯನ್ನು ನಾನು ಅನೇಕ ವರ್ಷ ಬಹಳ ಗಂಭೀರವಾಗಿ ಕೇಳಿಕೊಂಡೆ. ಈಗ ಅನಿಸುವುದೇನೆಂದರೆ, ಅದು ಊರಿನ ಹೊರಗೆ ಹೋಗಿ ಓದಿ ಬಂದವರಿಗೆ ಮಾತ್ರ ಏಳುವ ಪ್ರಶ್ನೆ.

ಈ ವ್ಯವಸ್ಥೆ ಕೆಟ್ಟದ್ದು ಬಸ್ಸಿನಿಂದ. ಬಸ್ಸು ರಸ್ತೆಯ ಕ್ರಾಸಿನಲ್ಲೇ ನಿಲ್ಲುತ್ತಿತ್ತು. ಊರೊಳಗೆ ಬಂದು ತಿರುಗಬೇಕೆಂದರೆ ಅಗಸಿ ಇಕ್ಕಟ್ಟು, ತಲೆಬಾಗಿಲು ಗಿಡ್ಡ. ಅಗಸಿ ಒಡೆದರೆ ಬಸ್ಸು ಬರುತ್ತದೆ ಎಂದು ಊರಿನವರು ಅರ್ಜಿ ಕೊಟ್ಟರು. ಅಳೆಯಲು ಬಂದ ಸಾಹೇಬರು ಮೈಸೂರಿನ ಕಡೆಯವರು. ಟೇಪು ಹಿಡಿದು ಗೋಡೆಗೆ ಮುಖ ಮಾಡಿದವರು ಕಲ್ಲನ್ನು ಓದಿದರು, ಟೇಪನ್ನು ಕೆಳಗಿಟ್ಟರು, ಚಪ್ಪಲಿ ಬಿಟ್ಟು ನಿಂತರು.

"ಇದು ಐತಿಹಾಸಿಕ ಮಹತ್ವದ ಸ್ಮಾರಕ," ಎಂದರು. "ಇದನ್ನು ಹೀಗೆ ಒಡೆಯುವಂತಿಲ್ಲ."

"ಅದನ್ನ ಬಿಟ್ಟು ಉಳಿದದ್ದು ಒಡಿತೇವಿ ತಗೋರಿ," ಎಂದ ಗೌಡ.

ಸಾಹೇಬರು ಒಪ್ಪಲಿಲ್ಲ. ಮೊದಲು ಸಾಲೆಯ ಅಂಗಳದಲ್ಲಿ ಹೊಸ ಸ್ಮಾರಕ ಆಗಬೇಕು, ಅದರ ಮೇಲೆ ಹುತಾತ್ಮರಿಬ್ಬರ ಹೆಸರು ಕೆತ್ತಿಸಬೇಕು, ಬರೀ ಸಂಖ್ಯೆ ಹಾಕುವುದು ಅವರಿಗೆ ಅಪಮಾನ. ಆಮೇಲೆ ಅಗಸಿ, ಆಮೇಲೆ ಬಸ್ಸು. ಒಳ್ಳೆಯ ಮನುಷ್ಯ. ಅಷ್ಟು ಒಳ್ಳೆಯವರು ಬರದಿದ್ದರೆ ಆ ವಾರವೇ ಬಸ್ಸು ಬರುತ್ತಿತ್ತು.

ಚಾವಡಿಯಲ್ಲಿ ಕಮಿಟಿ ಕೂತಿತು. ಗೌಡ, ಸಾಲೆಯ ಹೆಡ್ ಮಾಸ್ತರು, ಮೊದಲನೆಯವನ ವಾರಸುದಾರ ಎಂದು ಚಾಚಾ, ಅಕ್ಷರ ದುಂಡಗೆ ಬರೆಯುತ್ತಾನೆ ಎಂದು ನಾನು. ಬಸ್ಸು ಬಂದರೆ ಚಾಚಾನ ಟಾಂಗಾ ಮುಚ್ಚುತ್ತದೆ. ಅದನ್ನು ಗೌಡ ನೆನಪು ಮಾಡಿಕೊಟ್ಟ.

"ಕುದರಿಗೂ ವಯಸ್ಸಾಗೇತಿ, ನನಗೂ ಆಗೇತಿ," ಎಂದ ಚಾಚಾ. "ನಮ್ಮ ದೊಡ್ಡ ಕಾಕಾ ಇಷ್ಟು ವರ್ಷ ಹೆಸರಿಲ್ದ ಗ್ವಾಡ್ಯಾಗ ಕುಂತಾನ. ಹೆಸರು ಬರ್ಲಿ. ಆದರ ಒಬ್ಬನ್ನ ಕುಂಡ್ರಸಬ್ಯಾಡ್ರಿ, ಜತಿಗೆ ಯಾರನ್ನರ ಕೊಡ್ರಿ."

ನಾಲ್ವರೂ ನಮ್ಮ ಮನೆಯ ದಿಕ್ಕಿಗೆ ನೋಡದ ಹಾಗೆ ಕೂತೆವು. ನಾನೂ ನೋಡಲಿಲ್ಲ. ಆ ಹೆಸರು ಕೆತ್ತಿಸಿದರೆ ಬಳೆ ಒಡೆಯಬೇಕು. ಎಪ್ಪತ್ತು ದಾಟಿದ ಮುದುಕಿಯನ್ನು ಬಸ್ಸಿಗಾಗಿ ವಿಧವೆ ಮಾಡುವವರು ಯಾರು? ಕೊನೆಗೆ ಹೆಡ್ ಮಾಸ್ತರು ಒಂದು ದಾರಿ ಹೇಳಿದರು. ಬೇರೆ ಯಾರಾದರೂ ಇದ್ದಾರೆಯೇ ಹುಡುಕೋಣ. ಮರುದಿನ ಡಂಗುರ ಹೊಡೆಸಿದರು. ಯಾರ ಮನೆಯಲ್ಲಾದರೂ ಯುದ್ಧದಲ್ಲಿ ಸತ್ತವರಿದ್ದರೆ ಚಾವಡಿಗೆ ಬಂದು ತಿಳಿಸಬೇಕು.

ಇಷ್ಟು ದಿನ ಎರಡನೆಯವನನ್ನು ಪಾಳಿಯ ಮೇಲೆ ದೂಡುತ್ತಿದ್ದ ಊರು ಈಗ ಅವನನ್ನು ತಮ್ಮವನೆಂದು ಹೇಳಿಕೊಳ್ಳಲು ಸಾಲು ನಿಂತಿತು. ಇಳಕಲ್ಲಿನ ಕೆಂಪು ಕಲ್ಲಿನ ಮೇಲೆ ಹೆಸರು ಬರುತ್ತದೆ ಎಂಬ ಸುದ್ದಿ ಹಬ್ಬಿತ್ತು. ಬಂದವರ ಜೊತೆ ಹೆಡ್ ಮಾಸ್ತರು ನಡೆಸಿದ ಮಾತುಕತೆಗಳಲ್ಲಿ ಕೆಲವು ನನಗೆ ಚೆನ್ನಾಗಿ ನೆನಪಿವೆ, ಅಥವಾ ಇಷ್ಟು ವರ್ಷ ಹೇಳಿ ಹೇಳಿ ಚೆನ್ನಾಗಿವೆ.

"ನಮ್ಮ ಮುತ್ಯಾ ಹೊಡದಾಡಿ ಸತ್ತಾನ್ರಿ."

"ಯಾವ ಯುದ್ಧದಾಗ?"

"ಬದುವಿನ ಸಲುವಾಗಿರಿ. ಅವರ ಅಣ್ಣನ ಕೂಡ."

"ಅದು ಯುದ್ಧ ಅಲ್ಲಪಾ, ವ್ಯಾಜ್ಯ."

"ಕೊಡಲಿ ಇತ್ರಿ ಮಾಸ್ತರ. ಎರಡೂ ಕಡೆ ಮಂದಿ ಇದ್ರು. ಇನ್ನೇನು ಬೇಕು ಯುದ್ಧಕ್ಕ?"

ಇನ್ನೊಬ್ಬನ ಅಪ್ಪ ನಿಜವಾಗಿಯೂ ಬಸ್ರಾಕ್ಕೆ ಹೋದ ಹನ್ನೊಂದರಲ್ಲಿ ಒಬ್ಬ. ಆದರೆ ತಿರುಗಿ ಬಂದು, ಮದುವೆಯಾಗಿ, ಏಳು ಮಕ್ಕಳನ್ನು ಪಡೆದು, ಮೊನ್ನೆ ಮೊನ್ನೆ ತೀರಿಕೊಂಡಿದ್ದ. ನಾನೇ ಅವನ ಮಣ್ಣಿಗೆ ಹೋಗಿದ್ದೆ.

"ನಿಮ್ಮಪ್ಪ ಯುದ್ಧದಾಗ ಸಾಯಲಿಲ್ಲಲೇ," ಎಂದ ಗೌಡ.

"ಯುದ್ಧಕ್ಕ ಹೋಗಿದ್ದು ಖರೆ ಐತಿಲ್ರಿ?"

"ಖರೆ ಐತಿ."

"ಸತ್ತದ್ದು ಖರೆ ಐತಿಲ್ರಿ?"

"ಐತಿ."

"ಮತ್ತ ಇನ್ನೇನ್ರಿ? ಒಂದೀಟು ತಡಾ ಆತು ಅಷ್ಟ."

ನಾನು ಅವನನ್ನೇ ಆರಿಸಬೇಕೆಂದು ಇದ್ದೆ. ಚಾಚಾ ಒಪ್ಪಲಿಲ್ಲ. ಹದಿನೆಂಟು ತುಂಬದ ತನ್ನ ಕಾಕಾನ ಮಗ್ಗುಲಲ್ಲಿ, ಏಳು ಮಕ್ಕಳ ತಂದೆಯನ್ನು ತಂದು ಕೂರಿಸಿದರೆ ಆ ಹುಡುಗ ಏನು ಮಾತಾಡಬೇಕು ಅವನ ಕೂಡ, ಎಂದ. ಈ ಆಕ್ಷೇಪವನ್ನು ಕಮಿಟಿ ಬಹಳ ಹೊತ್ತು ಚರ್ಚಿಸಿತು. ಯಾರಿಗೂ ಅದು ವಿಚಿತ್ರ ಅನಿಸಲಿಲ್ಲ. ನನಗೂ ಈಗ ಬರೆಯುವಾಗಲೇ ಅನಿಸುತ್ತಿದೆ.

ಅಷ್ಟರಲ್ಲಿ ದೊಡ್ಡಾಯಿಗೆ ಸುದ್ದಿ ಮುಟ್ಟಿತ್ತು. ಮಧ್ಯಾಹ್ನದ ಬಿಸಿಲಲ್ಲಿ ಸೆರಗು ಹೊದ್ದುಕೊಂಡು ನೇರ ಚಾವಡಿಗೆ ಬಂದಳು. ಹೆಂಗಸರು ಚಾವಡಿ ಹತ್ತುವ ರೂಢಿ ಇರಲಿಲ್ಲ. ಹತ್ತಿದಳು. ನಾವೆಲ್ಲ ಎದ್ದು ನಿಂತೆವು.

"ಬಸ್ಸ ಯಾಕ ನಿಂತೈತಿ?" ಎಂದು ಕೇಳಿದಳು.

ಗೌಡ ನೆಲ ನೋಡಿದ. "ಬರ್ತೈತಿ ಆಯಾರ. ಸರ್ಕಾರಿ ಕೆಲಸ, ತಡಾ ಆಗತೈತಿ."

"ತಡಾ ಆದ್ರ ಹೆಂಗ? ಅವರಿಗೆ ಮೊಣಕಾಲು ಹಿಡಕೊಂಡಾವು. ನಾಳೆ ಬಂದ್ರು ಅಂದ್ರ ಕ್ರಾಸಿನಿಂದ ಹೆಂಗ ನಡದು ಬರಬೇಕು?"

ಬಸ್ಸು ಎಲ್ಲರಿಗಿಂತ ಹೆಚ್ಚು ಅವಸರವಾಗಿ ಬೇಕಾಗಿದ್ದುದು ಅವಳಿಗೆ ಎಂಬುದು ನಮ್ಮ ತಲೆಗೆ ಹೊಳೆದೇ ಇರಲಿಲ್ಲ.

"ನನ್ನ ಟಾಂಗಾ ಐತಲ್ಲ ಯಕ್ಕಾ," ಎಂದ ಚಾಚಾ.

"ನಿನ್ನ ಟಾಂಗಾದಾಗ ಕುಂತ್ರ ಇದ್ದ ನಾಕು ಎಲಬೂ ಉಳಿಯಾಂಗಿಲ್ಲ. ನೀ ಸುಮ್ನಿರು. ಏನು ಅಡ್ಡಿ ಬಂದೈತಿ ಅದನ್ನ ಹೇಳ್ರಿ."

ಹೇಳಿದವನು ಚಾಚಾ. ಅವನೊಬ್ಬನೇ ಹೇಳಬಹುದಿತ್ತು. "ಯಕ್ಕಾ, ಹೊಸಾ ಕಲ್ಲಿಗೆ ಎರಡು ಹೆಸರು ಬೇಕಂತ. ಒಂದು ನಮ್ಮದೈತಿ. ಇನ್ನೊಂದು ಇಲ್ಲ."

ದೊಡ್ಡಾಯಿ ಕಂಬಕ್ಕೆ ಆತುಕೊಂಡು ಕೂತಳು. "ಇಲ್ಲ ಯಾಕ? ನಮ್ಮವರದು ಬರೀರಿ."

ಹೆಡ್ ಮಾಸ್ತರು ಪ್ರಾಮಾಣಿಕ ಮನುಷ್ಯ. ಮರೆಮಾಚಿ ಕೆಲಸ ಮಾಡುವುದು ಅವರಿಂದ ಆಗುತ್ತಿರಲಿಲ್ಲ. "ಆಯಾರ, ಸತ್ತವರ ಹೆಸರು ಬರಿಯೂ ಕಲ್ಲು ಅದು," ಎಂದರು, ತಲೆ ತಗ್ಗಿಸಿ.

"ಗೊತ್ತೈತಿ. ಹಳೀ ಕಲ್ಲೂ ಹಂಗ ಹೇಳತಿತ್ತು. ಇಷ್ಟು ವರ್ಷ ಅದರ ಮುಂದ ನೀರು ಹೊತ್ತೇನಿ. ಏನರ ಅಂದೇನೇನು ಅದಕ್ಕ? ಕಲ್ಲು ಅನ್ನೂದು ಕಲ್ಲು ಅಂತೈತಿ. ಬಳಿ ನನ್ನ ಕೈಯಾಗ ಇರ್ತಾವ." ಗೌಡನ ಕಡೆ ತಿರುಗಿದಳು. "ಆದರ ಗೌಡಾ, ನಾಳೆ ನಿಮ್ಮ ಮನಿ ಹೆಣ್ಣುಮಕ್ಕಳು ಕಲ್ಲು ಓದಿಕೊಂಡು ಬಂದು ನನ್ನ ಹಣಿ ನೋಡಬಾರದು. ಅರಿಷಿಣ ಕುಟ್ಟಾಕ ನನ್ನ ಬಿಟ್ಟು ಕರದ್ರಿ ಅಂದ್ರ ನಾ ಸತ್ತಂಗ. ಅಷ್ಟ ನನ್ನ ಮಾತು."

"ನಾ ಹೇಳ್ತೇನಿ ಆಯಾರ ಅವರಿಗೆ," ಎಂದ ಗೌಡ. ಹೆಂಗಸರ ಆ ವಿಷಯದಲ್ಲಿ ಅವನ ಮಾತು ನಡೆಯುವುದಿಲ್ಲ ಎಂಬುದು ಅವನಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ನಾನು ಸೀಮೆಸುಣ್ಣ ತೆಗೆದುಕೊಂಡೆ. ಹೆಸರು ಹೇಳಿ ಎಂದೆ. ಆಗ ಎದುರಾಯಿತು ನೋಡಿ ನಿಜವಾದ ಅಡಚಣೆ. ಅವನ ಹೆಸರು ಯಾರಿಗೂ ಗೊತ್ತಿರಲಿಲ್ಲ. ಈ ಸಲ ಖರೇನೇ ಗೊತ್ತಿರಲಿಲ್ಲ. ಊರಿಗೆ ಅವನು "ದಂಡಿನಂವ" ಆಗಿದ್ದ. ನನ್ನ ಅಪ್ಪನಿಗೆ ದೊಡ್ಡಪ್ಪ, ಆಯಿಗೆ ಮದುವೆಗೆ ಮೊದಲೇ ಹೋಗಿದ್ದ ಭಾವ. ಅವನ ಸರೀಕರು ಒಬ್ಬರೂ ಉಳಿದಿರಲಿಲ್ಲ. ಹೆಸರು ಇದ್ದದ್ದು ದೊಡ್ಡಾಯಿಯ ಬಾಯಲ್ಲಿ ಮಾತ್ರ, ಮತ್ತು ಮುತ್ತೈದೆ ಗಂಡನ ಹೆಸರು ಹೇಳುವಂತಿಲ್ಲ.

"ಇವತ್ತೊಂದಿನ ಹೇಳಿಬಿಡು ದೊಡ್ಡಾಯಿ," ಎಂದೆ.

"ನಾಚಿಕಿ ಇಲ್ಲೇನಲೇ, ಓದಿದಂವ ಆಗಿ."

ಬಳೆ ತೆಗೆದ ಹೆಂಗಸು ಹೇಳಬಹುದು. ಬಳೆ ತೆಗೆಯುವುದಿಲ್ಲ ಎಂದರೆ ಹೆಸರಿಲ್ಲ, ಹೆಸರಿಲ್ಲದಿದ್ದರೆ ಕಲ್ಲಿಲ್ಲ, ಕಲ್ಲಿಲ್ಲದಿದ್ದರೆ ಬಸ್ಸಿಲ್ಲ. ಬಸ್ಸಿಲ್ಲದಿದ್ದರೆ ಮೊಣಕಾಲು ಹಿಡಿದ ಗಂಡ ಮನೆಗೆ ಬರುವುದು ಹೇಗೆ? ನಾವು ಐದೂ ಜನ ಈ ಸುತ್ತಿನಲ್ಲಿ ಎರಡು ಮೂರು ಸಲ ತಿರುಗಿ ಬಂದೆವು. ಗೌಡನಿಗೇ ಹೊಳೆಯಿತು. ಮದುವೆ, ಸೀಮಂತಗಳಲ್ಲಿ ಮುತ್ತೈದೆಯರು ಹಟ ಹಿಡಿದರೆ, ಹೆಂಡತಿಯಾದವಳು ಒಂದು ಪ್ರಾಸ ಕಟ್ಟಿ ಅದರ ನಡುವೆ ಗಂಡನ ಹೆಸರು ಸೇರಿಸಿ ಹೇಳುತ್ತಾಳೆ. ಅದಕ್ಕೆ ಒಡಪು ಎನ್ನುತ್ತಾರೆ. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ. ಆದರೆ ಒಡಪು ಹೇಳಬೇಕಾದರೆ ಆರತಿ ಬೇಕು, ಕೇಳುವ ಮುತ್ತೈದೆಯರು ಬೇಕು.

ಹೀಗೆ, ಸತ್ತವನ ಹೆಸರು ಬರೆದುಕೊಳ್ಳುವ ಸಲುವಾಗಿ ಚಾವಡಿಗೆ ಸಗಣಿ ಸಾರಿಸಲಾಯಿತು, ಗೌಡನ ಹೆಂಡತಿ ಆರತಿ ತಟ್ಟೆಯೊಂದಿಗೆ ಬಂದಳು, ಓಣಿಯ ಮುತ್ತೈದೆಯರು ಬಂದರು. ದೊಡ್ಡಾಯಿಯನ್ನು ಮಣೆಯ ಮೇಲೆ ಕೂರಿಸಿ, ತಲೆಗೆ ಹೂ ಮುಡಿಸಿದರು. ನಮ್ಮ ಕಮಿಟಿ ಮೂಲೆಗೆ ಸರಿಯಿತು. ಗೌಡನ ಹೆಂಡತಿಗೆ ಇದೆಲ್ಲ ಯಾಕೆಂದು ತಿಳಿದಿತ್ತು. ಆದರೂ ಹೊಸ ಮದುಮಗಳನ್ನು ಕಾಡುವ ಹಾಗೆಯೇ ಕಾಡಿದಳು.

"ಹೇಳ್ರಿ ಆಯಾರ, ಹೆಸರು ಹೇಳೂತನಕ ಏಳಾಕ ಬಿಡಂಗಿಲ್ಲ."

"ಹೋಗವಾ, ನನಗೆಲ್ಲಿ ಒಡಪ ಬರತಾವ," ಎಂದಳು ದೊಡ್ಡಾಯಿ, ಸೆರಗು ಬಾಯಿಗೆ ಒತ್ತಿಕೊಂಡು. ಆಮೇಲೆ ಒಂದೇ ಉಸಿರಿಗೆ ಹೇಳಿದಳು:

"ಕಲ್ಲಿನ್ಯಾಗ ಚೆಂದ ಇಳಕಲ್ಲ ಕೆಂಪಗಲ್ಲು,
ನಮ್ಮ ರಾಯರು ಇಳಿಯೂತನಕ ಬಸ್ಸೇ ನೀ ನಿಲ್ಲು."

"ನಮ್ಮ ರಾಯರು" ಎಂಬಲ್ಲಿ ಹೆಸರಿತ್ತು. ಅದನ್ನು ಇಲ್ಲಿ ಬರೆಯುವುದಿಲ್ಲ. ಅದು ಆರತಿಯ ಮುಂದೆ ಸಿಕ್ಕ ಹೆಸರು. ನಾನು ಚಾವಡಿಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದುಕೊಂಡೆ. ಹೆಂಗಸರು ನಕ್ಕರು, ಯಾರೋ ಸಕ್ಕರೆ ಹಂಚಿದರು. ಚಾಚಾನೂ ಸಕ್ಕರೆ ತಿಂದ.

ಕಲ್ಲು ಇಳಕಲ್ಲಿನಿಂದ ಬಂತು. ಪರದೇಶದ ಗೋರಿಗಳಿಗೆಂದು ನುಣುಪು ಮಾಡಿ, ಮೂಲೆ ಮುಕ್ಕಾದದ್ದರಿಂದ ಬಿಟ್ಟಿದ್ದ ಒಂದು ಚಪ್ಪಡಿ. ಅದರ ಮೇಲೆ ಎರಡೂ ಹೆಸರು ಕೆತ್ತಿದರು. ಅನಾವರಣದ ದಿನ ಅದೇ ಸಾಹೇಬರು ಬಂದರು, ಫೋಟೋ ತೆಗೆಯುವವನನ್ನೂ ಕರೆತಂದಿದ್ದರು. ಭಾಷಣ ಮಾಡಿದರು. ಆಮೇಲೆ, ಶಾಲು ಹಿಡಿದುಕೊಂಡು, ಹುತಾತ್ಮರ ಧರ್ಮಪತ್ನಿಯವರು ವೇದಿಕೆಗೆ ಬರಬೇಕು ಎಂದರು.

ಯಾರೂ ಇದನ್ನು ಮುಂಚೆ ಯೋಚಿಸಿರಲಿಲ್ಲ. ದೊಡ್ಡಾಯಿ ಎದ್ದಳು. ಕಡುಗೆಂಪು ಸೆರಗಿನ ಇಳಕಲ್ ಸೀರೆ, ಮುಡಿ ತುಂಬ ಸೇವಂತಿಗೆ, ಹಣೆಯ ಮೇಲೆ ರೂಪಾಯಿಯಗಲ ಕುಂಕುಮ. ವೇದಿಕೆ ಹತ್ತಿ ನಿಂತಳು. ಸಾಹೇಬರು ಅವಳ ಹಿಂದೆ ಇನ್ನಾರಾದರೂ ಬರುತ್ತಾರೇನೋ ಎಂದು ಕಾದರು.

"ಪತ್ನಿಯವರು ಎಲ್ಲಿ?" ಎಂದು ಮೆಲ್ಲಗೆ ಕೇಳಿದರು.

"ಇವರೇ ಸರ್," ಎಂದರು ಹೆಡ್ ಮಾಸ್ತರು.

"ಮತ್ತೊಂದು ಮದುವೆ..."

"ಇಲ್ರಿ ಸಾಹೇಬ್ರ," ಎಂದ ಚಾಚಾ. "ಒಬ್ಬನೇ ಗಂಡ."

ಸಾಹೇಬರು ಕಲ್ಲನ್ನು ನೋಡಿದರು. "ಅವರು ತೀರಿಕೊಂಡಿದ್ದಾರಲ್ಲವೇ?"

"ತೀರಿಕೊಂಡಾರಲ್ರಿ. ನೀವ ಈಗ ಅರಿವಿ ಸರಿಸಿದ್ರಿ."

"ಹಾಗಾದರೆ ಇವರು?"

"ಇವರು ಮುತ್ತೈದಿ," ಎಂದ ಚಾಚಾ, ಇದರಲ್ಲಿ ತಿಳಿಯದಿರಲು ಏನಿದೆ ಎಂಬಂತೆ.

ಸಾಹೇಬರ ಮುಖದಲ್ಲಿ ಅನುಮಾನ ಬೆಳೆಯುತ್ತಿತ್ತು. ಇನ್ನೊಂದು ಮಾತು ಕೇಳಿದ್ದರೆ ಸ್ಮಾರಕವೂ ಹೋಗುತ್ತಿತ್ತು, ಬಸ್ಸೂ ಹೋಗುತ್ತಿತ್ತು. ಗೌಡ ತಟ್ಟನೆ ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಆಯಿಯನ್ನು, ಬೋಳು ಹಣೆಯ, ಬರಿಗೈಯ ಆಯಿಯನ್ನು, ರಟ್ಟೆ ಹಿಡಿದು ಎಬ್ಬಿಸಿ ವೇದಿಕೆಗೆ ತಂದ. "ಇವರು ಸಾಹೇಬ್ರ. ಆಕಿ ಅವರನ್ನ ಕರಕೊಂಡು ಬಂದಾಕಿ."

ಸಾಹೇಬರ ಮುಖ ಸಡಿಲಾಯಿತು. ಶಾಲು ಹೊದಿಸಿದರು.

"ನನ್ನ ಗಂಡ ಕೆಮ್ಮಿ ಸತ್ತಾನ್ರೀ," ಎಂದಳು ಆಯಿ. "ಮನ್ಯಾಗ ಸತ್ತಾನ. ನನ್ನ ತೊಡಿ ಮ್ಯಾಲ ತಲಿ ಇಟ್ಟು."

"ಸುಮ್ನ ಹೊತಗೋ," ಎಂದಳು ದೊಡ್ಡಾಯಿ. "ಚಳಿಗಾಲಕ್ಕ ಬರ್ತೈತಿ."

ಫೋಟೋ ತೆಗೆದರು. ಆಯಿ ಮನೆಗೆ ಬಂದು ಶಾಲನ್ನು ಮಡಿಚಿ ದೊಡ್ಡಾಯಿಯ ಮುಂದೆ ಇಟ್ಟಳು, ಮುಟ್ಟುವುದಿಲ್ಲ ಎಂದಳು. ತನ್ನ ಗಂಡ ಸತ್ತಾಗ ತನ್ನ ಮೈಮೇಲಿನದನ್ನೆಲ್ಲ ತೆಗೆದರು, ಯಾರೂ ಏನೂ ಹೊದಿಸಲಿಲ್ಲ, ಎಂದಳು. ಎಷ್ಟೋ ದಿನ ಇಬ್ಬರೂ ಒಲೆಯ ಮುಂದೆ ಮಾತಿಲ್ಲದೆ ರೊಟ್ಟಿ ಬಡಿದರು. ಆ ಶಾಲಿನ ಬಣ್ಣ ನನಗೆ ನೆನಪಿಲ್ಲ, ತಂಗಿಗೂ ಇಲ್ಲ.

ಅಗಸಿ ಒಡೆದರು. ಬಸ್ಸು ಬಂತು, ತಿರುಗಿತು, ಹೋಯಿತು. ಆ ಸುಗ್ಗಿಯಲ್ಲೇ ಗೌಡನ ಮೊಮ್ಮಗಳ ಮದುವೆ ಗೊತ್ತಾಯಿತು. ನಮ್ಮ ಮನೆಯಲ್ಲಿ ಯಾರೂ ಅದರ ಮಾತೆತ್ತುತ್ತಿರಲಿಲ್ಲ. ಸಾಲೆಗೆ ಹೋಗುವ ಹುಡುಗಿಯರು ಕಲ್ಲಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಿ ಓದಿ ಊರಿಗೆಲ್ಲ ಬಾಯಿಪಾಠ ಮಾಡಿಸಿದ್ದರು. ಬಾವಿಯ ಹತ್ತಿರ ಹೆಂಗಸರು ಏನು ಮಾತಾಡುತ್ತಿದ್ದಾರೆ ಎಂದು ಅವ್ವ ದಿನವೂ ಕಿವಿಗೊಟ್ಟು ಬರುತ್ತಿದ್ದಳು, ಏನೂ ಹೇಳುತ್ತಿರಲಿಲ್ಲ. ದೊಡ್ಡಾಯಿ ಬೆಳಿಗ್ಗೆ ಎದ್ದು ಕುಂಕುಮ ಹಚ್ಚಿಕೊಂಡು ಪಡಸಾಲೆಯಲ್ಲಿ ಕೂರುತ್ತಿದ್ದಳು, ಹೊಸ್ತಿಲು ಕಾಣುವ ಹಾಗೆ. ಕಾಳು ಹಸನು ಮಾಡುತ್ತ ಕೂತಿರುತ್ತಿದ್ದಳು. ಹಸನು ಮಾಡಿದ ಕಾಳನ್ನೇ ಮತ್ತೆ ಮಾಡುತ್ತಿದ್ದಳು.

ಮುಂದಿನದನ್ನು ನಾನು ನೋಡಿಲ್ಲ. ಆ ದಿನ ಸಂದರ್ಶನಕ್ಕೆಂದು ಬಾಗಲಕೋಟೆಗೆ ಹೋಗಿದ್ದೆ. ಅವ್ವ ಹೇಳಿದ್ದನ್ನು ಬರೆಯುತ್ತಿದ್ದೇನೆ. ಅವ್ವ ಒಂದನ್ನು ಎರಡು ಮಾಡಿ ಹೇಳುವವಳಲ್ಲ. ಆದರೆ ಇದನ್ನು ಅವಳು ಹೇಳಿದ್ದು ಅನೇಕ ವರ್ಷಗಳ ಮೇಲೆ.

ಗೌಡನ ಹೆಂಡತಿ ಇಬ್ಬರು ಹೆಂಗಸರೊಂದಿಗೆ ಬಂದಳಂತೆ. ಆಯಿ ಎಂದಿನ ಹಾಗೆ ಹಿತ್ತಲಿಗೆ ಹೋದಳು. ದೊಡ್ಡಾಯಿ ಮೊರವನ್ನು ಕೆಳಗಿಟ್ಟಳು, ಏಳಲಿಲ್ಲ, ಹಣೆಯನ್ನೂ ಚಾಚಲಿಲ್ಲ. ಜೊತೆಗೆ ಬಂದವರಲ್ಲಿ ಒಬ್ಬಳು ಇನ್ನೊಬ್ಬಳ ಮುಖ ನೋಡಿದಳು. ಗೌಡನ ಹೆಂಡತಿ ಹೊಸ್ತಿಲು ದಾಟಿ ಒಳಗೆ ಬಂದು, ಬಗ್ಗಿ, ಅವಳ ಕುಂಕುಮದ ಮೇಲೆಯೇ ಕುಂಕುಮ ಹಚ್ಚಿ, "ಮುಂಜಾನೆ ಲಗೂನ ಬರ್ರಿ ಆಯಾರ. ನೀವ ಬರೂತನಕ ಒನಕಿ ಎತ್ತಂಗಿಲ್ಲ," ಎಂದಳು.

ಮರುದಿನ ಗೌಡನ ಅಂಗಳದಲ್ಲಿ ಒಳಕಲ್ಲಿನ ಸುತ್ತ ಮುತ್ತೈದೆಯರು ಕೂಡಿದರು. ದೊಡ್ಡಾಯಿ ಮೊದಲ ಒನಕೆ ಹಿಡಿದಳು. ಆಗ ಗೌಡನ ಕಿರಿಯ ಸೊಸೆ, ಬಾದಾಮಿಯ ಕಡೆಯಿಂದ ಅದೇ ವರ್ಷ ಮದುವೆಯಾಗಿ ಬಂದಿದ್ದ ಹುಡುಗಿ, ಊರಿನ ಒಳಹೊರಗು ತಿಳಿಯದವಳು, ಅರಿಷಿಣದ ಕೊಂಬುಗಳನ್ನು ಹಾಕುತ್ತ ಕೇಳಿದಳಂತೆ.

"ಆಯಾರ, ನಿಮ್ಮ ಯಜಮಾನ್ರು ಏನ್ಮಾಡ್ತಾರ್ರಿ?"

ಎಲ್ಲರ ಕೈ ನಿಂತವು. ಗೌಡನ ಹೆಂಡತಿ ಸೊಸೆಯನ್ನು ಗದರಲು ಬಾಯಿ ತೆರೆದಳು. ಅಷ್ಟರಲ್ಲಿ ದೊಡ್ಡಾಯಿಯೇ ಹೇಳಿದಳು.

"ಮಿಲ್ಟ್ರಿಯಾಗ ಅದಾರವಾ."

"ರಜಾ ಕೊಡಂಗಿಲ್ಲೇನ್ರಿ?"

"ಎಲ್ಲಿ ರಜಾ," ಎಂದಳು ದೊಡ್ಡಾಯಿ. "ಒಮ್ಮೆ ಒಳಗ ತಗೊಂಡ್ರಂದ್ರ ಬಿಡೂದ ಇಲ್ಲ ಅವರು. ಆ ಕೊಂಬು ಸರಿಯಾಗಿ ಹಾಕು, ಕೈ ಮ್ಯಾಲ ಬಿದ್ದೀತು," ಎಂದು ಒನಕೆ ಎತ್ತಿದಳು.